ಚೆನ್ನಾಗಿ ತಿನ್ನುತ್ತಿದ್ದ ಮೊಲ ಈಗ ಆರಿಸಿ ಆರಿಸಿ ಬಿಡುತ್ತಿದೆ: ಹಠವೇ, ಕಾಯಿಲೆಯೇ?

ಬಿಜೈ ಬೊಳ್ಳ:
ನಮ್ಮದು ಮಂಗಳೂರಿನ ಬಿಜೈ. ಮನೆಯಲ್ಲಿ ಬೊಳ್ಳ ಎಂಬ ಬಿಳಿ ಗಂಡು ಮೊಲ ಇದೆ. ನಾಲ್ಕು ವರ್ಷ ದಾಟಿದೆ, ತೂಕ ಎರಡು ಕಿಲೋದ ಆಸುಪಾಸು. ಊಟದ ವಿಷಯದಲ್ಲಿ ಇಷ್ಟು ದಿನ ಇವನದು ಯಾವ ತಕರಾರೂ ಇರಲಿಲ್ಲ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಒಣ ಮೇವಿನ ಗುಳಿಗೆ) ಡಬ್ಬದ ಮುಚ್ಚಳ ತೆಗೆದ ಸದ್ದಿಗೇ ಅಡುಗೆಮನೆಗೆ ಓಡಿ ಬರುತ್ತಿದ್ದ. ಈಗಲೂ ಓಡಿ ಬರುವುದೇನೋ ಬರುತ್ತಾನೆ. ಮೂಸುತ್ತಾನೆ, ಒಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತಾನೆ, ಬಿಟ್ಟು ಹೋಗುತ್ತಾನೆ. ಒಣಹುಲ್ಲಿನತ್ತ ತಿರುಗಿಯೂ ನೋಡುವುದಿಲ್ಲ. ಕೊತ್ತಂಬರಿ ಸೊಪ್ಪು ಕೊಟ್ಟರೆ ಎಲೆ ತಿಂದು ದಂಟು ಉಳಿಸುತ್ತಾನೆ. ಬಾಳೆಹಣ್ಣಾದರೆ ಕೈಯಿಂದಲೇ ಕಿತ್ತುಕೊಳ್ಳುತ್ತಾನೆ.

ಫೀಡ್ ಬದಲಿಸಿಲ್ಲ. ಅದೇ ಕಂಪನಿಯದು, ಮಳೆ ಶುರುವಾದ ಮೇಲೆ ಹೊಸ ಚೀಲ ಒಡೆದದ್ದು ಅಷ್ಟೆ. ಓಡಾಟ, ಸೋಫಾ ಹತ್ತುವುದು, ಚಪ್ಪಲಿ ಕಡಿಯುವುದು ಎಲ್ಲ ಮೊದಲಿನಂತೆಯೇ ಇದೆ. ಮನೆಯವರೆಲ್ಲ ಒಂದೇ ಮಾತು ಹೇಳುತ್ತಾರೆ: “ಹಣ್ಣಿನ ರುಚಿ ಹತ್ತಿದೆ, ನಾಟಕ ಮಾಡುತ್ತಾನೆ.” ನನಗೆ ಹಾಗನಿಸುತ್ತಿಲ್ಲ. ಮೊಲ ಸಾಕಿದ ಅನುಭವ ಇರುವವರು ಏನು ಹೇಳುತ್ತೀರಿ?

ಪಣಂಬೂರು ಗಾಳಿ:
ನಾಟಕವೇ. ನಮ್ಮ ಮನೆಯ ನಾಯಿಯೂ ಮೀನಿಲ್ಲದಿದ್ದರೆ ಅನ್ನ ಮುಟ್ಟುತ್ತಿರಲಿಲ್ಲ. ಒಂದು ದಿನ ಉಪವಾಸ ಹಾಕಿದೆವು, ಮರುದಿನ ಬಟ್ಟಲು ನೆಕ್ಕಿ ಇಟ್ಟಿತು. ಬಾಳೆಹಣ್ಣು ನಿಲ್ಲಿಸಿ, ಪೆಲೆಟ್ ಬಿಟ್ಟು ಬೇರೇನೂ ಇಡಬೇಡಿ. ಹಸಿವಾದರೆ ತಾನೇ ದಾರಿಗೆ ಬರುತ್ತದೆ.

ಏಳು ಮೊಲಗಳ ಮನೆ, ಕುಂಜಿಬೆಟ್ಟು:
ಬೊಳ್ಳನ ಮನೆಯವರೇ, ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಾಯಿಗೆ ಒಂದು ದಿನ ಉಪವಾಸ ಹಾಕಬಹುದು, ಮೊಲಕ್ಕೆ ಹಾಕಬಾರದು. ಅದರ ಹೊಟ್ಟೆ ಹಗಲೂ ರಾತ್ರಿಯೂ ನಡೆಯುತ್ತಲೇ ಇರಬೇಕು. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಕುಳಿತ ಮೊಲವನ್ನು ನಾನು ಮರುದಿನದವರೆಗೆ ನೋಡುತ್ತಾ ಕೂರುವುದಿಲ್ಲ. ರಾತ್ರಿಯಾದರೂ ಸರಿ, ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಈಗ ನಿಮ್ಮಿಂದ ಬೇಕಾದದ್ದು ಮಾಹಿತಿ. ಹಿಕ್ಕೆ ಹೇಗಿದೆ? ಗಾತ್ರ ಮೊದಲಿನಷ್ಟೇ ಇದೆಯೋ, ಸಣ್ಣದಾಗಿದೆಯೋ? ಗಲ್ಲದ ಕೆಳಗಿನ ಕೂದಲು ಒದ್ದೆಯಾಗಿ ಅಂಟಿಕೊಂಡಿದೆಯೇ? ಕಣ್ಣಲ್ಲಿ ನೀರು ಬರುತ್ತಿದೆಯೇ? ಬಾಯಿಗೆ ಹಾಕಿಕೊಂಡ ಪೆಲೆಟ್ ಏನಾಗುತ್ತದೆ, ನುಂಗುತ್ತಾನೋ, ಉದುರಿಸುತ್ತಾನೋ? ಕೊನೆಯದನ್ನು ದೂರದಿಂದ ನೋಡಿದರೆ ತಿಳಿಯುವುದಿಲ್ಲ. ನೆಲಕ್ಕೆ ಕುಳಿತು ಅವನ ಮುಖದ ಮಟ್ಟದಲ್ಲಿ ನೋಡಬೇಕು.

ಪಣಂಬೂರು ಗಾಳಿ:
ಗುಡ್ಡದ ಮೊಲಗಳಿಗೆ ಯಾರು ಡಾಕ್ಟರು, ಯಾರು ಕೊತ್ತಂಬರಿ? ಸಿಕ್ಕಿದ್ದನ್ನು ತಿಂದು ಬದುಕುವುದಿಲ್ಲವೇ? ಮುದ್ದು ಹೆಚ್ಚಾದರೆ ಹೀಗೆಯೇ.

ನಿವೃತ್ತ ಪಶುವೈದ್ಯ, ಕುಂದಾಪುರ:
ಗುಡ್ಡದಲ್ಲಿರುವುದು ನಮ್ಮ ಕಾಡುಮೊಲ. ಅದರ ಜಾತಿಯೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿದು ಸಾಕುವಂತೆಯೂ ಇಲ್ಲ. ಮನೆಗಳಲ್ಲಿ ಸಾಕುವ ಮೊಲ ಯುರೋಪಿನ ಮೂಲದ್ದು. ಆದರೂ ಒಂದು ಮಾತು ನಿಜ: ಎರಡೂ ದಿನವಿಡೀ ಹುಲ್ಲು ಕಡಿಯಲೆಂದೇ ಹುಟ್ಟಿದವು. ಗುಡ್ಡದ ಮೊಲ ಅದನ್ನೇ ಮಾಡುತ್ತದೆ. ನಾವು ಬಟ್ಟಲಲ್ಲಿ ಪೆಲೆಟ್ ಇಟ್ಟು, ಹುಲ್ಲನ್ನು ಮೂಲೆಯಲ್ಲಿ ಅಲಂಕಾರಕ್ಕೆ ಇಡುತ್ತೇವೆ.

ಕುಂಜಿಬೆಟ್ಟಿನ ಅಕ್ಕ ಕೇಳಿದ ಪ್ರಶ್ನೆಗಳೆಲ್ಲ ಸರಿಯಾಗಿವೆ. ನನ್ನದೂ ಒಂದನ್ನು ಸೇರಿಸುತ್ತೇನೆ: ನೀರು ಕುಡಿಯುತ್ತಿದ್ದಾನೆಯೇ? ಬಾಟಲಿಯಿಂದ ಕುಡಿಯುವವನಾದರೆ ಕೊಳವೆಯ ತುದಿಯ ಉಕ್ಕಿನ ಗುಂಡನ್ನು ಬೆರಳಿನಿಂದ ಒತ್ತಿ ನೋಡಿ, ಹನಿ ಬರುತ್ತಿದೆಯೋ ಎಂದು. ಒಣದನ್ನು ಬಿಟ್ಟು ಹಸಿಯದನ್ನಷ್ಟೇ ತಿನ್ನುವ ಮೊಲ ಎಷ್ಟೋ ಸಲ ನೀರಿಲ್ಲದ ಮೊಲವಾಗಿರುತ್ತದೆ.

ಮಣಿಪಾಲ ಬಾಡಿಗೆ ಮನೆ:
ನೀರಿನ ವಿಷಯ ನೂರಕ್ಕೆ ನೂರು ನಿಜ. ನಮ್ಮ ಮೊಲ ಪೆಲೆಟ್ ಬಿಟ್ಟಾಗ ಊರಿನ ಫೀಡನ್ನೆಲ್ಲ ತಂದು ಸುರಿದೆವು. ಬಾಟಲಿ ತುಂಬಿಯೇ ಇತ್ತು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ತುಂಬಿಯೇ ಇದ್ದದ್ದು ಕುಡಿಯಲು ಆಗದ ಕಾರಣ. ಈಗ ಭಾರದ ಮಣ್ಣಿನ ಬಟ್ಟಲು ಇಟ್ಟಿದ್ದೇವೆ, ಮಗುಚುವುದಿಲ್ಲ.

ಬಿಜೈ ಬೊಳ್ಳ:
ಎಲ್ಲರಿಗೂ ವಂದನೆ. ನೀರು ಬಟ್ಟಲಲ್ಲೇ ಇಡುತ್ತೇವೆ, ಕುಡಿಯುತ್ತಾನೆ. ಹಿಕ್ಕೆ ಇದೆ, ಆದರೆ ಕಡಲೆಕಾಳಿನಷ್ಟು ಇದ್ದದ್ದು ಈಗ ಮೆಣಸಿನಕಾಳಿಗೆ ಇಳಿದಿದೆ, ಒಂದೊಂದು ಉದ್ದುದ್ದ ಕೂಡ. ಗಲ್ಲ ಒಣಗಿದೆ. ಎಡಗಣ್ಣಿನ ಕೆಳಗೆ ಸ್ವಲ್ಪ ಒದ್ದೆ ಇದೆ. ಹಿಂದೆ ಗಮನಿಸಿದ ನೆನಪಿಲ್ಲ.

ಅಕ್ಕ ಹೇಳಿದಂತೆ ನೆಲಕ್ಕೆ ಕುಳಿತು ನೋಡಿದೆ. ಪೆಲೆಟನ್ನು ಬಾಯಿಯ ಬಲಬದಿಗೆ ಒಯ್ಯುತ್ತಾನೆ. ಒಂದೆರಡು ಸಲ ಜಗಿದು ತಲೆಯನ್ನು ಓರೆ ಮಾಡುತ್ತಾನೆ, ಪೆಲೆಟ್ ಹೊರಗೆ ಬೀಳುತ್ತದೆ. ಬಿದ್ದದ್ದನ್ನು ಎತ್ತಿ ನೋಡಿದರೆ ಒಂದು ತುದಿ ಒದ್ದೆಯಾಗಿ ಮೆತ್ತಗಾಗಿದೆ, ಇನ್ನೊಂದು ತುದಿ ಹಾಗೆಯೇ ಇದೆ. ಗರಿಕೆ ಕೊಟ್ಟಾಗ ತುದಿಯನ್ನು ಬಾಯೊಳಗೆ ಎಳೆದುಕೊಂಡ, ಅರ್ಧಕ್ಕೆ ಜಗಿಯುವುದನ್ನು ನಿಲ್ಲಿಸಿದ, ಉಳಿದ ಎಳೆ ತುಟಿಯ ಬದಿಯಲ್ಲಿ ನೇತಾಡುತ್ತಿತ್ತು. ಮುಂದಿನ ಹಲ್ಲುಗಳು ನೇರವಾಗಿ, ಚೆನ್ನಾಗಿಯೇ ಕಾಣುತ್ತವೆ.

ನಿವೃತ್ತ ಪಶುವೈದ್ಯ, ಕುಂದಾಪುರ:
ಇಷ್ಟು ಚೆನ್ನಾಗಿ ನೋಡಿ ಬರೆದದ್ದಕ್ಕೆ ಮೆಚ್ಚುಗೆ. ಪರೀಕ್ಷಿಸದೆ ರೋಗ ಇದೇ ಎಂದು ಹೇಳಲಾಗದು. ಆದರೆ ನೀವು ಬರೆದದ್ದನ್ನು ಓದಿದರೆ ನನ್ನ ಕೈ ಮೊದಲು ಹೋಗುವುದು ದವಡೆ ಹಲ್ಲಿನ ಕಡೆಗೆ.

ಮೊಲಕ್ಕೆ ಒಟ್ಟು 28 ಹಲ್ಲು. ಅಷ್ಟೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲುಗಳು ವಾರಕ್ಕೆ ಎರಡು ಮಿಲಿಮೀಟರಿನಷ್ಟು ಬೆಳೆಯುವುದುಂಟು. ಹಿಂದಿನ ದವಡೆ ಹಲ್ಲುಗಳೂ ಬೆಳೆಯುತ್ತವೆ. ಹುಲ್ಲನ್ನು ಅಡ್ಡಡ್ಡ ಅರೆಯುವಾಗ ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಪೆಲೆಟನ್ನು ಹಾಗೆ ಅರೆಯಬೇಕಿಲ್ಲ, ಪುಡಿ ಮಾಡಿದರೆ ಮುಗಿಯಿತು. ಹುಲ್ಲು ಕಡಿಮೆಯಾದರೆ ಸವೆತ ಸಮನಾಗುವುದಿಲ್ಲ, ಹಲ್ಲಿನ ಅಂಚಿನಲ್ಲಿ ಮುಳ್ಳಿನಂಥ ಚೂಪು ಏಳುತ್ತದೆ. ಕೆಳಗಿನ ಸಾಲಿನದು ನಾಲಗೆಗೆ ಚುಚ್ಚುತ್ತದೆ, ಮೇಲಿನ ಸಾಲಿನದು ಕೆನ್ನೆಯ ಒಳಮೈಗೆ. ಹುಟ್ಟಿನಿಂದಲೇ ದವಡೆ ಸರಿಯಾಗಿ ಕೂಡದ ಮೊಲಗಳಲ್ಲಿ, ಮುಖ ಚಪ್ಪಟೆ ಇರುವ ತಳಿಗಳಲ್ಲಿ, ಹುಲ್ಲು ತಿಂದರೂ ಹೀಗಾಗಬಹುದು. ಕಣ್ಣೀರಿನ ನಾಳ ಮೇಲಿನ ಹಲ್ಲುಗಳ ಬೇರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಬೇರು ಹಿಂದಕ್ಕೆ ಒತ್ತಿದರೆ ನಾಳ ಕಟ್ಟಿ ಕಣ್ಣು ಒಸರುತ್ತದೆ. ನಿಮ್ಮ ಎಡಗಣ್ಣಿನ ಒದ್ದೆ ನನಗೆ ಅದಕ್ಕಾಗಿಯೇ ಮುಖ್ಯವೆನಿಸಿತು.

ಹಸಿವಿಲ್ಲದ ಮೊಲ ಬಟ್ಟಲಿನ ಹತ್ತಿರ ಬರುವುದೇ ಇಲ್ಲ. ನಿಮ್ಮವನು ಓಡಿ ಬರುತ್ತಾನೆ, ಬಾಯಿಗೂ ಹಾಕಿಕೊಳ್ಳುತ್ತಾನೆ, ಮತ್ತೆ ಬಿಡುತ್ತಾನೆ. ಹೊಟ್ಟೆ ಕೇಳುತ್ತಿದೆ, ಬಾಯಿ ಒಪ್ಪುತ್ತಿಲ್ಲ. ಮೆತ್ತಗಿನ ಎಲೆ, ಬಾಳೆಹಣ್ಣು ಮಾತ್ರ ಇಳಿಯುವುದೂ ಇದಕ್ಕೆ ಹೊಂದುತ್ತದೆ.

ದವಡೆ ಹಲ್ಲನ್ನು ಮನೆಯಲ್ಲಿ ನೋಡಲು ಆಗುವುದಿಲ್ಲ, ಪ್ರಯತ್ನಿಸಲೂ ಬೇಡಿ. ಬಾಯಿ ಅಷ್ಟು ಕಿರಿದು. ವೈದ್ಯರು ಕಿವಿ ನೋಡುವ ಓಟೋಸ್ಕೋಪನ್ನು ಕೆನ್ನೆಯ ಬದಿಯಿಂದ ತೂರಿಸಿ ನೋಡುತ್ತಾರೆ. ಪೂರ್ತಿ ತಿಳಿಯಲು ಅರಿವಳಿಕೆ, ಎಕ್ಸ್‌ರೇ ಬೇಕಾಗಬಹುದು. ಎಲ್ಲ ಪಶುವೈದ್ಯರಿಗೂ ಮೊಲದ ಅಭ್ಯಾಸ ಇರುವುದಿಲ್ಲ. ನಮ್ಮ ಓದಿನಲ್ಲಿ ದನ, ಎಮ್ಮೆ, ನಾಯಿಗಳದ್ದೇ ದೊಡ್ಡ ಪಾಲು. ಹಾಗಾಗಿ ಫೋನಿನಲ್ಲೇ ಕೇಳಿ: ಮೊಲದ ದವಡೆ ಹಲ್ಲು ಉಜ್ಜಿ ಅಭ್ಯಾಸ ಇದೆಯೇ ಎಂದು. ಹಾಗೆ ಕೇಳಿದರೆ ಯಾವ ವೈದ್ಯರೂ ಬೇಸರ ಮಾಡಿಕೊಳ್ಳಬಾರದು.

ಇನ್ನೆರಡು ಎಚ್ಚರಿಕೆ. ಅರಿವಳಿಕೆ ಇದೆಯೆಂದು ರಾತ್ರಿಯಿಂದ ಉಪವಾಸ ಇಡಲು ಯಾರಾದರೂ ಹೇಳಿದರೆ ಮತ್ತೊಮ್ಮೆ ಕೇಳಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ನಾಯಿಯ ನಿಯಮ ಇಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ ಹಾಕುವವರನ್ನೂ ಕಂಡಿದ್ದೇನೆ. ಪೆನಿಸಿಲಿನ್ ಬಳಗದ ಔಷಧಿ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗಿ ಪ್ರಾಣಕ್ಕೇ ಬರುತ್ತದೆ.

ಏಳು ಮೊಲಗಳ ಮನೆ, ಕುಂಜಿಬೆಟ್ಟು:
ಡಾಕ್ಟರು ಹೇಳಿದ ಮೇಲೆ ನಾನು ಹೇಳುವುದು ಕಡಿಮೆ. ಆಸ್ಪತ್ರೆಗೆ ಹೋಗುವವರೆಗೆ ಬೊಳ್ಳನ ಹೊಟ್ಟೆ ಖಾಲಿ ಬಿಡಬೇಡಿ. ಪೆಲೆಟನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ಕಿವುಚಿ ತಟ್ಟೆಯಲ್ಲಿಡಿ. ಗರಿಕೆಯನ್ನು ಕತ್ತರಿಯಿಂದ ಬೆರಳಗಲಕ್ಕೆ ಕತ್ತರಿಸಿ. ತಾನಾಗಿ ತಿಂದರೆ ಒಳ್ಳೆಯದು. ಹೊಟ್ಟೆ ಬಿಗಿದು ಉಬ್ಬಿದ್ದರೆ ಸಿರಿಂಜಿನಲ್ಲಿ ಏನನ್ನೂ ತುರುಕಬೇಡಿ, ನೇರ ಆಸ್ಪತ್ರೆಗೆ ಹೊರಡಿ. ದಿನವೂ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕೂದಲು ದಟ್ಟವಾಗಿರುವ ಮೊಲ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ.

ಹೊಸ ಚೀಲದ ಪೆಲೆಟನ್ನೂ ಮೂಸಿ ನೋಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಪ್ಪಳ, ಸಂಡಿಗೆಯೇ ಗರಿಗರಿ ಉಳಿಯುವುದಿಲ್ಲ, ಪೆಲೆಟ್ ಉಳಿಯುತ್ತದೆಯೇ? ಒಳ್ಳೆಯ ಪೆಲೆಟ್‌ಗೆ ಒಣಹುಲ್ಲಿನ ವಾಸನೆ ಇರುತ್ತದೆ, ಮುರಿದರೆ ಟಕ್ಕೆಂದು ತುಂಡಾಗುತ್ತದೆ. ಮುಗ್ಗಲು ವಾಸನೆ ಬಂದರೆ, ಬೆರಳಲ್ಲಿ ಒತ್ತಿದಾಗ ನುಗ್ಗಾದರೆ, ಚೀಲದ ತಳದಲ್ಲಿ ಬೂದುಬಣ್ಣದ ಪುಡಿ ಕಂಡರೆ ದುಡ್ಡಿನ ಮುಖ ನೋಡದೆ ಎಸೆಯಿರಿ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷವನ್ನು ಮೊಲ ತಡೆದುಕೊಳ್ಳುವುದಿಲ್ಲ. ತೆರೆದ ಗೋಣಿಯಿಂದ ಬಿಡಿಯಾಗಿ ತೂಗಿ ಕೊಡುವ ಅಂಗಡಿಗಳಲ್ಲಿ ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲೇ ಇಡುವುದಿಲ್ಲ. ಸಣ್ಣ ಪೊಟ್ಟಣ, ತಯಾರಿಕೆಯ ತಾರೀಖು ನೋಡಿ, ಸ್ಟೀಲ್ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡುವುದು.

ಅಂಬಲಪಾಡಿ ಹೊಸಬ:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು ಹೆಣ್ಣು ಮೊಲ, ಎಂಟು ತಿಂಗಳು. ಒಂದೇ ಇರುವುದು. ತಿನ್ನುವುದು ಕಡಿಮೆಯಾಗಿದೆ, ಎದೆಯ ಕೂದಲನ್ನು ತಾನೇ ಕಿತ್ತು ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಮೂಲೆಗೆ ಓಡುತ್ತಿದೆ. ಇದೂ ಹಲ್ಲಿನ ತೊಂದರೆಯೇ?

ನಿವೃತ್ತ ಪಶುವೈದ್ಯ, ಕುಂದಾಪುರ:
ಸುಳ್ಳು ಗರ್ಭ ಇರಬಹುದು. ಗಂಡು ಇಲ್ಲದಿದ್ದರೂ ಬರುತ್ತದೆ, ಹದಿನಾರು ಹದಿನೆಂಟು ದಿನಗಳಲ್ಲಿ ತಾನೇ ಇಳಿಯುತ್ತದೆ. ಗೂಡು ಕಟ್ಟಿದ್ದನ್ನು ಕೆಡಿಸಬೇಡಿ, ಹುಲ್ಲು ಧಾರಾಳ ಇಡಿ. ತಿನ್ನುವುದು ಪೂರ್ತಿ ನಿಂತರೆ ಕಾಯಬೇಡಿ. ಪದೇ ಪದೇ ಆದರೆ ಗರ್ಭಕೋಶ ತೆಗೆಸುವ ಬಗ್ಗೆ ವೈದ್ಯರಲ್ಲಿ ಮಾತನಾಡಿ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯ.

ಕಾರ್ಕಳ ತೋಟ:
ಬೊಳ್ಳನ ಮನೆಯವರೇ, ಹಸಿ ಹುಲ್ಲು ಎಲ್ಲಿಂದ ತರುತ್ತೀರಿ? ಕೇಳಲು ಕಾರಣ ಇದೆ. ಈ ಹೊತ್ತಿನಲ್ಲಿ ನಾವೆಲ್ಲ ಅಡಿಕೆಗೆ ಮದ್ದು ಬಿಡುವವರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸುತ್ತು, ನಲವತ್ತು ನಲವತ್ತೈದು ದಿನ ಕಳೆದು ಬಿಸಿಲು ಬಿಟ್ಟಾಗ ಇನ್ನೊಂದು ಸುತ್ತು. ಗೊನೆಗೆ ಹೊಡೆದದ್ದರಲ್ಲಿ ಒಂದು ಪಾಲು ಬುಡದ ಹುಲ್ಲಿನ ಮೇಲೆಯೇ ಬೀಳುತ್ತದೆ. ಎಲೆಯ ಮೇಲೆ ನೀಲಿ ಛಾಯೆಯ ಬಿಳಿ ಚುಕ್ಕೆ ಕಾಣುತ್ತದೆ, ಮಳೆ ಬಂದರೂ ಬೇಗ ತೊಳೆದು ಹೋಗುವುದಿಲ್ಲ. ಅಂಟಿಕೊಳ್ಳುವುದೇ ಅದರ ಗುಣ. ಆ ಹುಲ್ಲನ್ನು ನಮ್ಮ ದನಗಳಿಗೇ ಹಾಕುವುದಿಲ್ಲ. ಪೇಟೆಯವರು ನೆಂಟರ ತೋಟದಿಂದ ಪ್ರೀತಿಯಲ್ಲಿ ಒಂದು ಹೊರೆ ಕೊಯ್ದುಕೊಂಡು ಹೋಗುವಾಗ ಇದನ್ನು ಕೇಳುವುದೇ ಇಲ್ಲ.

ಬಿಜೈ ಬೊಳ್ಳ:
ಅಣ್ಣ, ತೋಟದ ಹುಲ್ಲು ತರುವುದಿಲ್ಲ. ಗರಿಕೆ ಶರವು ದೇವಸ್ಥಾನದ ಹತ್ತಿರ ಹೂವಿನ ಅಂಗಡಿಯಿಂದ. ಗಣಪತಿಗೆ ಒಯ್ಯುವ ಕಟ್ಟನ್ನೇ ತಂದು ತೊಳೆದು ಕೊಡುತ್ತೇನೆ. ಚೌತಿಯ ವಾರದಲ್ಲಿ ಬೆಲೆ ಕೇಳಿದರೆ ತಲೆ ತಿರುಗುತ್ತದೆ ಎನ್ನುವುದು ಬೇರೆ ಮಾತು.

ಆಸ್ಪತ್ರೆಗೆ ನಾಳೆ ಬೆಳಿಗ್ಗೆ ಹೊತ್ತು ಸಿಕ್ಕಿದೆ. ಮೊದಲು ಫೋನ್ ಮಾಡಿದ ಕಡೆ “ಮೊಲವಾ? ವಿಟಮಿನ್ ಹನಿ ಬರೆದು ಕೊಡುತ್ತೇವೆ, ಕರೆದುಕೊಂಡು ಬರುವುದೇನೂ ಬೇಡ” ಎಂದರು. ಎರಡನೆಯ ಕಡೆ ಹಲ್ಲಿನ ಪ್ರಶ್ನೆ ಕೇಳಿದ ಕೂಡಲೇ ಬರಲು ಹೇಳಿದರು.

ಏಳು ಮೊಲಗಳ ಮನೆ, ಕುಂಜಿಬೆಟ್ಟು:
ಒಯ್ಯುವ ಬುಟ್ಟಿಯಲ್ಲಿ ಅವನದೇ ಹಳೆಯ ಬಟ್ಟೆ ಹಾಸಿ, ತಿನ್ನುವ ಸೊಪ್ಪನ್ನೂ ಜೊತೆಗಿಡಿ. ನಾಯಿಗಳು ಕುಳಿತಿರುವ ಬೆಂಚಿನ ಹತ್ತಿರ ಕೂರಬೇಡಿ, ಹೊರಗೆ ವಾಹನದಲ್ಲೇ ಕಾಯಿರಿ.

ಬಿಜೈ ಬೊಳ್ಳ:
ಹೋಗಿ ಬಂದೆವು. ಎಡಗಡೆ ಕೆಳಸಾಲಿನ ಎರಡು ದವಡೆ ಹಲ್ಲುಗಳಲ್ಲಿ ಚೂಪು ಎದ್ದಿತ್ತು, ನಾಲಗೆಯ ಬದಿಯಲ್ಲಿ ಗಾಯವೂ ಆಗಿತ್ತು. ಅರಿವಳಿಕೆ ಕೊಟ್ಟು ಸಣ್ಣ ಯಂತ್ರದಿಂದ ಉಜ್ಜಿದರು. ಎಕ್ಸ್‌ರೇಯಲ್ಲಿ ಎಡಗಡೆ ಮೇಲಿನ ಒಂದು ಬೇರು ಸ್ವಲ್ಪ ಉದ್ದವಾಗಿದೆಯಂತೆ, ಕಣ್ಣಿನ ನೀರಿಗೆ ಅದೇ ಕಾರಣ ಇರಬಹುದು, ಗಮನದಲ್ಲಿಡಬೇಕು ಎಂದರು. ನೋವಿಗೆ ಹನಿ ಔಷಧಿ ಬರೆದುಕೊಟ್ಟಿದ್ದಾರೆ. ಕೆಲವು ತಿಂಗಳಿಗೆ ಮತ್ತೆ ಬೆಳೆಯಬಹುದು, ಆಗ ಪುನಃ ಉಜ್ಜಬೇಕು ಎಂದೂ ಹೇಳಿದರು. ಖರ್ಚಿನ ಮಾತು ಇಲ್ಲಿ ಬೇಡ. ಮನೆಯಲ್ಲಿ ನಾಟಕ ಎಂದವರೇ ಈಗ ತಟ್ಟೆ ಹಿಡಿದು ಹಿಂದೆ ಓಡುತ್ತಿದ್ದಾರೆ.

ನೆನೆಸಿದ ಪೆಲೆಟ್ ತಿಂದ, ಗರಿಕೆ ತಿಂದ, ಕೊತ್ತಂಬರಿಯ ದಂಟನ್ನೂ ತಿಂದ. ಆದರೆ ಹೊಸ ಚೀಲದ ಒಣ ಪೆಲೆಟನ್ನು ಈಗಲೂ ಮುಟ್ಟುತ್ತಿಲ್ಲ. ನೆನೆಸಿದ್ದು ಹಳೆಯ ಚೀಲದ ತಳದಲ್ಲಿ ಉಳಿದಿದ್ದದ್ದು. ಅಕ್ಕ ಹೇಳಿದಂತೆ ಹೊಸದನ್ನು ಮುರಿದು ನೋಡಿದೆ: ನುಗ್ಗಾಗುತ್ತದೆ, ವಾಸನೆಯೂ ಹಳೆಯ ಗೋಣಿಯದು. ಚೀಲವನ್ನು ಹೊರಗಿಟ್ಟಿದ್ದೇನೆ. ಎರಡೂ ಒಟ್ಟಿಗೇ ಬಂದದ್ದರಿಂದ ನಮಗೆ ಗೊತ್ತಾಗಲಿಲ್ಲ.

ನಿವೃತ್ತ ಪಶುವೈದ್ಯ, ಕುಂದಾಪುರ:
ಸಂತೋಷ. ನೋವಿನ ಹನಿಯನ್ನು “ಈಗ ತಿನ್ನುತ್ತಾನಲ್ಲ” ಎಂದು ಅರ್ಧಕ್ಕೆ ನಿಲ್ಲಿಸಬೇಡಿ. ಹೊಸ ಪೆಲೆಟ್ ತಂದ ಮೇಲೆ ಹಳೆಯದು ಉಳಿದಿದ್ದರೆ ಬೆರೆಸುತ್ತಾ, ಹತ್ತು ಹದಿನೈದು ದಿನಗಳಲ್ಲಿ ಪೂರ್ತಿ ಹೊಸದಕ್ಕೆ ಬನ್ನಿ. ಎರಡು ಕಿಲೋದ ಮೊಲಕ್ಕೆ ದಿನಕ್ಕೆ ಐವತ್ತು ಗ್ರಾಂ ದಾಟುವ ಅಗತ್ಯವಿಲ್ಲ. ಉಳಿದದ್ದೆಲ್ಲ ಹುಲ್ಲು, ಸೊಪ್ಪು. ಬಾಳೆಹಣ್ಣು ಔಷಧಿ ಕುಡಿಸಲು ಮಾತ್ರ.

ಬೆಳಗಿನ ಜಾವ ಮೃದುವಾದ, ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡ ಇನ್ನೊಂದು ಬಗೆಯ ಹಿಕ್ಕೆಯನ್ನು ಮೊಲ ತಾನೇ ತಿನ್ನುತ್ತದೆ. ಅದು ಅದರ ಆಹಾರದ ಭಾಗ. ಗೂಡಿನಲ್ಲಿ ಅದು ಉಳಿದು ಹಿಂಬದಿಗೆ ಮೆತ್ತಿಕೊಂಡಿದ್ದರೆ ಸಿಹಿ, ಪಿಷ್ಟ ಹೆಚ್ಚಾಗಿದೆ ಎಂದೋ, ಬಗ್ಗಲು ನೋವಿದೆ ಎಂದೋ ತಿಳಿಯಿರಿ.

ಮಣಿಪಾಲ ಬಾಡಿಗೆ ಮನೆ:
ಡಾಕ್ಟರೇ, ಹುಲ್ಲು ಎನ್ನುವುದು ಸುಲಭ. ಹೊರದೇಶದ ತಿಮೋತಿ ಹುಲ್ಲಿನ ಪೊಟ್ಟಣದ ಬೆಲೆಯಲ್ಲಿ ನಮ್ಮ ವಾರದ ತರಕಾರಿ ಬರುತ್ತದೆ. ತಂದರೂ ಈ ಮಳೆಯಲ್ಲಿ ಬಾಯಿ ಒಡೆದ ಪೊಟ್ಟಣ ಬೇಗ ಮೆತ್ತಗಾಗುತ್ತದೆ. ಬೈಹುಲ್ಲು ಕೊಡಬಹುದೇ?

ಏಳು ಮೊಲಗಳ ಮನೆ, ಕುಂಜಿಬೆಟ್ಟು:
ಬೈಹುಲ್ಲಿನಲ್ಲಿ ನಾರು ಇದೆ, ಸತ್ವ ಕಡಿಮೆ. ಚೆನ್ನಾಗಿ ಒಣಗಿದ್ದಾದರೆ ಹಲ್ಲಿನ ಕೆಲಸಕ್ಕೆ ಆಗುತ್ತದೆ, ಅದೊಂದನ್ನೇ ನೆಚ್ಚಬೇಡಿ. ಗರಿಕೆ, ಗಿನಿ ಹುಲ್ಲು ಒಳ್ಳೆಯದು. ನೇಪಿಯರ್ ಎಳೆಯದು ಕೊಡಬಹುದು, ದಿನವೂ ಅದೇ ಬೇಡ. ಹಲಸಿನ ಎಲೆಯನ್ನು ನಮ್ಮ ಏಳೂ ಮೊಲಗಳು ತೊಟ್ಟಿನ ಸಮೇತ ಮುಗಿಸುತ್ತವೆ. ತಿಮರೆಯೂ (ಒಂದೆಲಗ) ಆಗುತ್ತದೆ. ಹರಿವೆ, ಬಸಳೆ ಅಪರೂಪಕ್ಕೆ ನಾಲ್ಕು ಎಲೆ ಸಾಕು, ಅವುಗಳಲ್ಲಿ ಆಕ್ಸಲೇಟ್ ಜಾಸ್ತಿ. ನುಗ್ಗೆಯಲ್ಲಿ ಸುಣ್ಣದ ಅಂಶ ಹೆಚ್ಚು, ಮೊಲದ ದೇಹ ಅದನ್ನು ಮೂತ್ರದಲ್ಲೇ ಹೊರಹಾಕಬೇಕು; ಮೂತ್ರ ಗಟ್ಟಿ ಬಿಳಿಯಾಗಿ ಬರತೊಡಗಿದರೆ ನಿಲ್ಲಿಸಿ.

ಕೆಲವರು ಹುಲ್ಲನ್ನು ಬಚ್ಚಲಿನ ಒಲೆಯ ಮೇಲೆ ಕಟ್ಟಿ ಒಣಗಿಸುತ್ತಾರೆ. ಹೊಗೆ ಹಿಡಿದ ಹುಲ್ಲನ್ನು ನಮ್ಮವು ಮೂಸಿಯೂ ನೋಡಲಿಲ್ಲ. ಫ್ಯಾನಿನ ಗಾಳಿಗೆ ಹಳೆಯ ಸೀರೆಯ ಮೇಲೆ ಹರಡಿ, ದಿನಕ್ಕೆರಡು ಸಲ ಮಗುಚಿ ಒಣಗಿಸುವುದೇ ಒಳ್ಳೆಯದು. ಹಸಿಯದನ್ನು ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಕೊಳೆಯುತ್ತದೆ, ಅಂಥದ್ದನ್ನು ಕೊಡಬಾರದು.

ಕಾರ್ಕಳ ತೋಟ:
ನಮ್ಮ ಗುಡ್ಡೆಯ ಬದಿಯಲ್ಲಿ ಮದ್ದು ತಾಗದ ಜಾಗ ಇದೆ. ಗಿನಿ ಹುಲ್ಲು ಸೊಂಟದೆತ್ತರ ಬಂದಿದೆ. ಶನಿವಾರ ಉಡುಪಿಗೆ ಬರುವ ಕೆಲಸವಿದೆ, ಬೇಕಾದವರು ಹೇಳಿದರೆ ಪಿಕಪ್‌ನಲ್ಲಿ ಹಾಕಿಕೊಂಡು ಬರುತ್ತೇನೆ. ಉಣುಗು (ರಕ್ತ ಹೀರುವ ಉಣ್ಣೆಹುಳ) ಇರಬಹುದು, ಕೊಡವಿ ತೆಗೆದುಕೊಳ್ಳಬೇಕು.

ಅಂಬಲಪಾಡಿ ಹೊಸಬ:
ನನಗೆ ಒಂದು ಹೊರೆ ಬೇಕು ಅಣ್ಣ. ಉಣುಗು ಹತ್ತಿದರೆ ನಾಯಿಯ ಕುತ್ತಿಗೆಗೆ ಹಾಕುವ ಹನಿ ಮನೆಯಲ್ಲೇ ಇದೆ, ಮೊಲಕ್ಕೂ ಒಂದು ಹನಿ ಹಾಕಬಹುದಲ್ಲ?

ನಿವೃತ್ತ ಪಶುವೈದ್ಯ, ಕುಂದಾಪುರ:
ಹಾಕಬಾರದು. ಪೊಟ್ಟಣದ ಮೇಲೆ ಫಿಪ್ರೋನಿಲ್ ಎಂದಿದ್ದರೆ ಮೊಲದ ಹತ್ತಿರಕ್ಕೂ ತರಬೇಡಿ, ಅದರಿಂದ ಮೊಲಗಳು ಸತ್ತಿವೆ. ಹುಲ್ಲನ್ನು ಬಿಳಿ ಬಟ್ಟೆಯ ಮೇಲೆ ಕೊಡವಿ, ತೊಳೆದು, ನೀರು ಇಳಿಸಿ ಕೊಡಿ. ಮೈಮೇಲೆ ಒಂದೆರಡು ಕಂಡರೆ ಚಿಮಟದಿಂದ ಚರ್ಮದ ಬುಡಕ್ಕೇ ಹಿಡಿದು ನೇರವಾಗಿ ಎಳೆಯಿರಿ. ಹೆಚ್ಚಿದ್ದರೆ ವೈದ್ಯರು ಮೊಲಕ್ಕೆ ಆಗುವ ಔಷಧಿಯನ್ನು ತೂಕ ನೋಡಿ ಕೊಡುತ್ತಾರೆ.

ಪಣಂಬೂರು ಗಾಳಿ:
ಇಷ್ಟೆಲ್ಲ ಮಾಡುವುದಕ್ಕಿಂತ ನಾಯಿ ಸಾಕುವುದು ಸುಲಭ, ಅಷ್ಟಂತೂ ಹೇಳುತ್ತೇನೆ.

ಏಳು ಮೊಲಗಳ ಮನೆ, ಕುಂಜಿಬೆಟ್ಟು:
ಅದರಲ್ಲಿ ನನಗೂ ತಕರಾರಿಲ್ಲ ಮಾರಾಯರೇ. ಕಾರ್ಕಳದ ಅಣ್ಣ, ನನಗೆ ಎರಡು ಹೊರೆ. ಬಿಜೈಯವರಿಗೂ ಒಂದು ಕಟ್ಟು ನನ್ನಲ್ಲೇ ಇಳಿಸಿ. ಭಾನುವಾರ ನನ್ನ ತಮ್ಮ ಮಂಗಳೂರಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಹಗ್ಗ ಬಿಗಿ ಕಟ್ಟಬೇಡಿ, ಗಾಳಿ ಆಡಲಿ.